ಕ್ಯಾಮೆರಾ ಇಲ್ಲದೆ ಸುರಪುರವನ್ನು ದಾಖಲಿಸಿದ ಟೇಲರ್ ಸಾಹೇಬ

ಶಹಾಪುರದ ‘ಮಲಗಿದ ಬುದ್ಧ’ನ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಯಾರೋ ಕೆತ್ತಿದ ಮೂರ್ತಿ ಎಂದು ಕೆಲವರು ನಂಬುತ್ತಾರೆ. ಅಲ್ಲ, ಅದು ಬಿಸಿಲು, ಮಳೆ, ಗಾಳಿಗೆ ಸವೆದ ಬಂಡೆಗಳ ಸಾಲು. ಒಂದು ದಿಕ್ಕಿನಿಂದ ನೋಡಿದಾಗ ಮಾತ್ರ ಮಲಗಿದ ಮನುಷ್ಯನಂತೆ ಕಾಣುತ್ತದೆ.

ಈ ನಾಡಿನ ಕಲ್ಲುಗಳನ್ನು ಹೀಗೆ ಪರೀಕ್ಷಿಸಿ ನೋಡಿದ ಮೊದಲಿಗರಲ್ಲಿ ಒಬ್ಬರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. ಹದಿನೈದರ ಹರೆಯದಲ್ಲೇ ಹಡಗು ಹತ್ತಿ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಭಾಷೆ, ಕಾನೂನು, ಭೂಮಾಪನ ಎಲ್ಲವನ್ನೂ ಸ್ವಂತವಾಗಿ ಕಲಿತರು.

1841ರಲ್ಲಿ ಸುರಪುರಕ್ಕೆ ಬಂದರು. ಫೋಟೋಗ್ರಫಿ ಜಗತ್ತಿಗೆ ಪರಿಚಯವಾಗಿ ಆಗಿನ್ನೂ ಎರಡೇ ವರ್ಷ. ಟೇಲರ್ ಕೈಯಲ್ಲಿ ಇದ್ದದ್ದು ಪೆನ್ಸಿಲ್ಲು, ಕುಂಚ. ಸುತ್ತಾಟದಲ್ಲಿ ಕಂಡದ್ದನ್ನು ಚಿತ್ರ ಬರೆದರು, ಅಳೆದರು, ಟಿಪ್ಪಣಿ ಮಾಡಿಕೊಂಡರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಮನೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ.

ರಾಜನಕೋಳೂರಿನ ಕಲ್ಲುಚಪ್ಪಡಿಯ ಪುಟ್ಟ ಕೋಣೆಗಳನ್ನು ಜನ ಮೋರಿಯರ ಮನೆ ಎನ್ನುತ್ತಿದ್ದರು. ಹಿಂದೆ ಕುಳ್ಳರು ಅಲ್ಲಿ ವಾಸವಾಗಿದ್ದರು ಎಂಬ ನಂಬಿಕೆ. ಟೇಲರ್ ಈ ಭಾಗದ ಇಂಥ ಹಲವು ಕಲ್ಲುಗೋರಿಗಳನ್ನು ಪರಿಶೀಲಿಸಿದರು. ಜೇವರ್ಗಿಯಲ್ಲಿ ಅಗೆಸಿದಾಗ ಸಿಕ್ಕಿದ್ದು ಮನುಷ್ಯರ ಎಲುಬು ಮತ್ತು ಮಡಕೆಗಳು. ಅಂದರೆ ಅವು ಸತ್ತವರಿಗೆ ಸಂಬಂಧಿಸಿದ ಕಟ್ಟಡಗಳು, ಮನೆಗಳಲ್ಲ. ಶಹಾಪುರ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳನ್ನೂ ಅವರು ದಾಖಲಿಸಿದರು.

ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಇವನ್ನು ಕಟ್ಟಿದವರು ಹೊರಗಿನಿಂದ ಬಂದ ಸಿಥಿಯನ್ನರು ಎಂದು ಅವರು ಊಹಿಸಿದ್ದರು. ಆ ಊಹೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಅವರ ಅಳತೆ, ನಕ್ಷೆಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಸುರಪುರದ ಬಾಲರಾಜ ವೆಂಕಟಪ್ಪ ನಾಯಕ ಟೇಲರ್‌ರನ್ನು ಅಪ್ಪಾ ಎಂದು ಕರೆಯುತ್ತಿದ್ದ. 1853ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಟೇಲರ್ ಹೊರಟರು. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ. ಟೇಲರ್ ಕಂಪನಿಯ ಪರವೇ ಇದ್ದವರು. ಆದರೂ ತಾವು ಬೆಳೆಸಿದ ಹುಡುಗನನ್ನು ಜೈಲಿನಲ್ಲಿ ಕಂಡು ಬಂದರು. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೆ ಸಾಗಿಸುವ ದಾರಿಯಲ್ಲೇ ರಾಜ ಗುಂಡೇಟಿಗೆ ಬಲಿಯಾದ. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ವಾದ ಇನ್ನೂ ಮುಗಿದಿಲ್ಲ.

1860ರಲ್ಲಿ ಟೇಲರ್ ಊರಿಗೆ ಮರಳಿದರು. ಅಷ್ಟರಲ್ಲಿ ಕ್ಯಾಮೆರಾ ನಮ್ಮ ನಾಡಿಗೂ ಬಂದಿತ್ತು. ಬಿಜಾಪುರ, ಧಾರವಾಡ, ಮೈಸೂರು ಭಾಗದ ಕಟ್ಟಡಗಳ ಫೋಟೋಗಳಿದ್ದ ದೊಡ್ಡ ಪುಸ್ತಕಗಳು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಫೋಟೋ ತೆಗೆದವರಲ್ಲಿ ಬಿಗ್ಸ್, ಪಿಗೋ, ನೀಲ್ ಇದ್ದರು. ವಿವರಣೆ ಬರೆದವರಲ್ಲಿ ಟೇಲರ್ ಒಬ್ಬರು. 1876ರಲ್ಲಿ ಅವರು ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡರು.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಮುಂದಿನ ಸಲ ಶಹಾಪುರದ ಗುಡ್ಡವನ್ನೋ ವಿಭೂತಿಹಳ್ಳಿಯ ಕಲ್ಲುಗಳನ್ನೋ ಕ್ಲಿಕ್ಕಿಸಿದಾಗ, ಊರು, ದಿನಾಂಕ, ಯಾವ ದಿಕ್ಕಿನಿಂದ ತೆಗೆದದ್ದು ಎಂಬುದನ್ನೂ ಬರೆದು ಕಳಿಸಿ. ಕಲ್ಲನ್ನು ಅಲುಗಿಸಬೇಡಿ. ನಾಳೆ ಅಲ್ಲೊಂದು ಕಲ್ಲು ಕಾಣೆಯಾದರೆ, ಅದು ಎಲ್ಲಿತ್ತು ಎಂದು ಹೇಳಲು ನಿಮ್ಮ ಫೋಟೋ ಒಂದೇ ಉಳಿದಿರಬಹುದು.