ಪಂಪು ತಾನಾಗಿ ಎಳೆಯುವುದಿಲ್ಲ

ಬೆಳಿಗ್ಗೆ ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಐರೋಳಿಯಲ್ಲಿ ಇಳಿಯುವ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ಸಮುದ್ರದ ನಡುವಿನ ತೈಲ ಪ್ಲಾಟ್‌ಫಾರ್ಮ್‌ಗಳಿಗೆ ಯಾವ ಪಂಪು ಹೊಂದುತ್ತದೆ ಎಂದು ಆರಿಸಿಕೊಡುವ ಪ್ರೋಗ್ರಾಮ್ ಬರೆಯುತ್ತೇನೆ. ಮುಂಬೈಯಿಂದ ಸುಮಾರು 160 ಕಿ.ಮೀ. ದೂರದ ಬಾಂಬೆ ಹೈನಲ್ಲಿ 1974ರಲ್ಲಿ ತೈಲ ಸಿಕ್ಕಿತು. ಅಲ್ಲಿನ ಕಚ್ಚಾ ತೈಲ ಸಮುದ್ರದಡಿಯ ಕೊಳವೆಯಲ್ಲಿ ನಮ್ಮ ಪಕ್ಕದ ಉರಣ್‌ಗೆ ಬರುತ್ತದೆ. ಅದನ್ನು ತಳ್ಳುವುದು ಪಂಪುಗಳೇ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ತಪ್ಪು ಮಾಡಿದೆ. ತೈಲದಿಂದ ಅನಿಲವನ್ನು ಬೇರ್ಪಡಿಸುವ ಪಾತ್ರೆಯಿಂದ ಹೊರಬರುವ ತೈಲ ಕುದಿಯುವ ಅಂಚಿನಲ್ಲೇ ಇರುತ್ತದೆ. ಒತ್ತಡ ಚೂರು ಇಳಿದರೂ ಗುಳ್ಳೆ ಏಳುತ್ತದೆ. ಆ ಗುಳ್ಳೆಗಳು ಪಂಪಿನೊಳಗೆ ಒಡೆದು ಇಂಪೆಲ್ಲರನ್ನು ತಿಂದುಹಾಕುತ್ತವೆ. ಹಾಗಾಗದಿರಲು ಪಂಪಿನ ಬಾಯಿಗಿಂತ ಸಾಕಷ್ಟು ಎತ್ತರದಲ್ಲಿ ತೈಲ ನಿಂತಿರಬೇಕು. ಆದರೆ ಪ್ಲಾಟ್‌ಫಾರ್ಮ್‌ನ ಒಂದು ಅಂತಸ್ತಿಗೂ ಇನ್ನೊಂದಕ್ಕೂ ನಡುವೆ ಅಷ್ಟು ಎತ್ತರ ಸಿಗುವುದೇ ಕಷ್ಟ. ನನ್ನ ಪ್ರೋಗ್ರಾಮ್ ಇದನ್ನು ಕಡೆಗಣಿಸಿ, ದಕ್ಷತೆ ಹೆಚ್ಚಿರುವ ಪಂಪನ್ನು ಪಟ್ಟಿಯ ತಲೆಯ ಮೇಲೆ ಕೂರಿಸಿತ್ತು. ಖರೀದಿಗೆ ಮುಂಚೆಯೇ ಹಿರಿಯ ಸಹೋದ್ಯೋಗಿಯೊಬ್ಬರು ಹಿಡಿದರು. ಪಂಪು ಎಳೆಯುವುದಿಲ್ಲ, ಹಿಂದಿನಿಂದ ಒತ್ತಿಕೊಂಡು ಬಂದದ್ದನ್ನು ಮಾತ್ರ ಮುಂದಕ್ಕೆ ತಳ್ಳುತ್ತದೆ ಎಂದು ಅಂದು ಅವರಿಂದ ಕಲಿತೆ.

ಆ ಪಾಠ ಮತ್ತೆ ನೆನಪಾದದ್ದು ಹೋದ ವರ್ಷ. ಕಾಯುತ್ತಿದ್ದ ಬಡ್ತಿ ಇನ್ನೊಬ್ಬರ ಪಾಲಾಯಿತು. ಸಿಟ್ಟಿನಲ್ಲಿ ರಾಜೀನಾಮೆ ಪತ್ರ ಬರೆದಿಟ್ಟೆ. ಊರಿಗೆ ಮರಳಿ ಏನಾದರೂ ಮಾಡಬೇಕೆಂಬ ಹುರುಪು ಬೇರೆ. ಆಗ ಕೈಗೆತ್ತಿಕೊಂಡದ್ದು ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನ ಕಥೆ. ಅವರೂ ಇದೇ ಮುಂಬೈಯಲ್ಲಿ ಬಡ್ತಿ ತಪ್ಪಿ ಕೆಲಸ ಬಿಟ್ಟವರು ಎಂದು ಕೇಳಿದ್ದೆ.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ನಮ್ಮ ಬೈಲಹೊಂಗಲಕ್ಕೆ ಪಕ್ಕದ ತಾಲ್ಲೂಕು. ಮನೆಮಾತು ಮರಾಠಿ, ನೆಲ ಕನ್ನಡದ್ದು. ತಂದೆ ಕಾಶಿನಾಥಪಂತರು ವೇದಾಂತಿ. ಹುಡುಗನಿಗೆ ಶಾಲೆ ರುಚಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳಲ್ಲಿ ಕೈಯಾಡಿಸುವುದು ರುಚಿಸಿತು. ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತದ್ದರಿಂದ 1885ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳನ್ನು ಅವರ ಕಣ್ಣು ಗುರುತಿಸುತ್ತಿರಲಿಲ್ಲ. ಚಿತ್ರಕಲೆ ಬಿಡಬೇಕಾಯಿತು. ಬಣ್ಣ ಬೇಡದ ಯಂತ್ರಗಳ ನಕ್ಷೆ ಕಲಿಯಲು ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ಗೆ ಹೋದರು, ಮುಂದೆ ಅಲ್ಲೇ ಮೇಷ್ಟ್ರಾದರು.

ಸೈಕಲ್ ಎಂಬುದು ಆಗ ಹೊಸ ಬೆರಗು. ಲಕ್ಷ್ಮಣರಾವ್ ಮುಂಬೈಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವರು. ಅಲ್ಲಿ ರಾಮುಅಣ್ಣ ಮಾರುವರು, ಕೊಂಡವರಿಗೆ ಓಡಿಸುವುದನ್ನೂ ಕಲಿಸುವರು. ಹೀಗೆ 1888ರಲ್ಲಿ ಹುಟ್ಟಿಕೊಂಡ ಅಂಗಡಿಯೇ ಕಿರ್ಲೋಸ್ಕರ್ ಬ್ರದರ್ಸ್.

ಇನ್‌ಸ್ಟಿಟ್ಯೂಟ್‌ನಲ್ಲಿ ಬಡ್ತಿಯ ಸರದಿ ಬಂದಾಗ ಅದು ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋಯಿತು. ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಹೊರಟರು. ಇಲ್ಲಿಗೆ ಬಂದು ನಾನು ಓದು ನಿಲ್ಲಿಸಿ ಲೆಕ್ಕ ಹಾಕಿದೆ. ಅಂಗಡಿ ಆರಂಭವಾಗಿ ಆಗಲೇ ಹೆಚ್ಚುಕಡಿಮೆ ಒಂಬತ್ತು ವರ್ಷ ಕಳೆದಿತ್ತು. ಸ್ವಾಭಿಮಾನ ಇತ್ತು, ನಿಜ. ಆದರೆ ಹೋಗಿ ನಿಲ್ಲಲು ನೆಲವೂ ಇತ್ತು, ಕಾಯುವ ಅಣ್ಣನೂ ಇದ್ದ.

ಹಾಗೆಂದು ಮುಂದಿನ ಹಾದಿ ಸಲೀಸಾಗಿರಲಿಲ್ಲ. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ವ್ಯಾಪಾರ ಕುದುರುವ ಹೊತ್ತಿಗೆ ಬೆಳಗಾವಿ ಪುರಸಭೆ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ತೆರವು ಮಾಡಿಸಿತು.

ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತಪ್ರತಿನಿಧಿ. ಸಾಲ ಕೊಟ್ಟರು, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಜಮೀನು ಕೊಟ್ಟರು. ಪಾಪಾಸುಕಳ್ಳಿ ಬೆಳೆದ, ಹಾವು ಹರಿದಾಡುವ ಬರಡು ನೆಲ. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗವಿರಕೂಡದು ಎಂದು ಲಕ್ಷ್ಮಣರಾವ್ ಕಟ್ಟುಮಾಡಿದರು. ಜೈಲು ಸೇರಿ ಬಂದವರನ್ನೂ ನಂಬಿ ಕೆಲಸ ಕೊಟ್ಟರು. ತನಗೆ ಸಿಕ್ಕ ಆಸರೆಯನ್ನು ಇನ್ನೊಬ್ಬರಿಗೂ ದಾಟಿಸಿದ ಈ ಗುಣ ನನಗೆ ಅವರ ಯಂತ್ರಗಳಿಗಿಂತ ದೊಡ್ಡದಾಗಿ ಕಂಡಿತು.

ನೇಗಿಲಿನ ಹಿಂದೆಯೇ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ ಬಂದವು. 1920ರ ದಶಕದಲ್ಲಿ ಸೆಂಟ್ರಿಫ್ಯೂಗಲ್ ಪಂಪು ಬಂತು. ಬಾವಿಯಿಂದ ಎತ್ತುಗಳು ನೀರೆತ್ತುತ್ತಿದ್ದ ಕಾಲದಲ್ಲಿ ಅದು ರೈತನ ಪಾಲಿಗೆ ದೊಡ್ಡ ಬದಲಾವಣೆ. ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾದವು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು. ಐದು ವಾರಗಳ ಬಳಿಕ ರಾಜ್ಯಗಳ ಪುನರ್ವಿಂಗಡಣೆಯಾಗಿ ಅವರ ಹುಟ್ಟೂರು ಮೈಸೂರು ರಾಜ್ಯಕ್ಕೆ ಬಂತು, ಅವರು ಕಟ್ಟಿದ ಊರು ಮುಂಬೈ ರಾಜ್ಯದಲ್ಲಿ ಉಳಿಯಿತು. ಇಂದು ಇಲ್ಲಿನ ಮರಾಠಿ ಗೆಳೆಯರು ಅವರನ್ನು ತಮ್ಮವರೆನ್ನುತ್ತಾರೆ, ನಾನು ನಮ್ಮ ಕಡೆಯವರೆನ್ನುತ್ತೇನೆ. ಎರಡೂ ನಿಜ.

ಪುಸ್ತಕ ಮುಚ್ಚಿದಾಗ ನೆನಪಾದದ್ದು ನಮ್ಮ ಹೊಲದ ಬಾವಿ. ಅಲ್ಲಿನ ಪಂಪಿನ ಫುಟ್ ವಾಲ್ವ್ ಸೋರುತ್ತಿತ್ತು. ಕರೆಂಟು ಬಂದ ಕೂಡಲೇ ಅಪ್ಪ ಗುಂಡಿ ಒತ್ತುವಂತಿರಲಿಲ್ಲ. ನಾನು ಕೊಡದಲ್ಲಿ ನೀರು ತಂದು ಪಂಪಿನ ಹೊಟ್ಟೆ ತುಂಬಿಸಬೇಕು, ಗಾಳಿಯೆಲ್ಲ ಹೊರಬರಬೇಕು, ಆಮೇಲೆ ಮೋಟರು. ಖಾಲಿ ಪಂಪು ಎಷ್ಟು ಜೋರಾಗಿ ತಿರುಗಿದರೂ ಹನಿ ನೀರು ಬರುವುದಿಲ್ಲ, ಸೀಲು ಸುಡುತ್ತದೆ ಅಷ್ಟೇ. ಸಿಟ್ಟಿನಲ್ಲಿ ರಾಜೀನಾಮೆ ಬರೆದ ದಿನ ನಾನು ಅಂಥ ಖಾಲಿ ಪಂಪೇ ಆಗಿದ್ದೆ.

ಪತ್ರ ಇನ್ನೂ ಲ್ಯಾಪ್‌ಟಾಪಿನಲ್ಲಿದೆ, ಅಳಿಸಿಲ್ಲ. ತಮ್ಮ ಬೈಲಹೊಂಗಲದಲ್ಲಿ ಪಂಪು ರಿಪೇರಿ, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಅವನ ಜೊತೆ ಲೆಕ್ಕಪತ್ರ ನೋಡುತ್ತೇನೆ. ಯಾವ ಬಾವಿಗೆ ಎಷ್ಟು ಎಚ್‌ಪಿ ಪಂಪು ಬೇಕೆಂದು ರೈತರಿಗೆ ಹೇಳಲು ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ಹೋದ ತಿಂಗಳು ಹಳೆಯ ಲೇಥ್ ಒಂದಕ್ಕೆ ಮುಂಗಡ ಕೊಟ್ಟೆವು. ಊರಿಗೆ ಯಾವಾಗ ಹೋಗುತ್ತೇನೋ ಗೊತ್ತಿಲ್ಲ. ಸದ್ಯಕ್ಕೆ ಕೊಡದಲ್ಲಿ ನೀರು ತಂದು ತುಂಬಿಸುತ್ತಿದ್ದೇನೆ.