ವೈದ್ಯ ವಿದ್ಯಾರ್ಥಿ ಕೀಟ್ಸ್

ಕೀಟ್ಸನನ್ನು ನಾವು ಬಲ್ಲುದು ಇಂಗ್ಲಿಷ್ ಪಾಠದ ಕವಿಯೆಂದು. ಆತನು ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದವನೆಂಬುದು ಎಷ್ಟೋ ಮಂದಿಗೆ ತಿಳಿಯದು.

ಜಾನ್ ಕೀಟ್ಸ್ ಹುಟ್ಟಿದ್ದು ಲಂಡನಿನಲ್ಲಿ, 1795ರ ಅಕ್ಟೋಬರ್ 31ರಂದು. ಕುದುರೆಲಾಯ ನಡೆಸುತ್ತಿದ್ದ ತಂದೆ 1804ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡನು. 1810ರಲ್ಲಿ ತಾಯಿ ಕ್ಷಯಕ್ಕೆ ತುತ್ತಾದಳು. ಹದಿನಾಲ್ಕರ ಬಾಲಕ ರಾತ್ರಿಯಿಡೀ ಆಕೆಯ ಬಳಿ ಕುಳಿತು, ಔಷಧವನ್ನು ತಾನೇ ಕುಡಿಸುತ್ತಿದ್ದನಂತೆ.

ಮುಂದೆ ಎಡ್ಮಂಟನ್ನಿನ ಹ್ಯಾಮಂಡ್ ಎಂಬ ವೈದ್ಯನಲ್ಲಿ ಶಿಷ್ಯವೃತ್ತಿ. 1815ರ ಅಕ್ಟೋಬರಿನಲ್ಲಿ ಲಂಡನಿನ ಗೈಸ್ ಆಸ್ಪತ್ರೆ ಸೇರಿದನು. ಪ್ರಸಿದ್ಧ ಶಸ್ತ್ರವೈದ್ಯ ಆಸ್ಟ್ಲಿ ಕೂಪರನ ಪಾಠಗಳನ್ನು ಬರೆದುಕೊಂಡ ಪುಸ್ತಕ ಇಂದಿಗೂ ಉಳಿದಿದೆ. ಅದರ ಅಂಚಿನಲ್ಲಿ ಹೂವಿನ ಚಿತ್ರಗಳಿವೆ! ಹಾಗೆ ಬರೆದ ಹುಡುಗರನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು.

1816ರ ಮಾರ್ಚಿನಲ್ಲಿ ಅವನು ಡ್ರೆಸ್ಸರ್ ಆದನು. ಗಾಯ ತೊಳೆದು ಕಟ್ಟಬೇಕು, ಶಸ್ತ್ರಕ್ರಿಯೆಯಲ್ಲಿ ನೆರವಾಗಬೇಕು. ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ; ಅಲ್ಲಿಯವರೆಗೆ ಎಚ್ಚರವಿದ್ದ ರೋಗಿಯನ್ನೇ ಹಿಡಿದಿಟ್ಟು ಕೊಯ್ಯುತ್ತಿದ್ದರು. ಕೀಟ್ಸನ ಮೇಲಿನವನಾದ ಲೂಕಾಸನ ಕೈಯಂತೂ ಒರಟು. ತಪ್ಪಿದ ಕತ್ತಿ ಏನು ಮಾಡಬಲ್ಲುದೆಂಬುದನ್ನು ಹುಡುಗ ಹತ್ತಿರದಿಂದ ಕಂಡನು.

ಇದರ ನಡುವೆಯೇ ಪರೀಕ್ಷೆಗೆ ಸಿದ್ಧತೆ. 1815ರ ಹೊಸ ಕಾನೂನಿನಂತೆ ಔಷಧ ಕೊಡುವ ವೈದ್ಯನಾಗಲು ಸನ್ನದು ಬೇಕು. ಅದಕ್ಕೆ ಆಸ್ಪತ್ರೆಯಲ್ಲಿ ದುಡಿದಿರಬೇಕು, ಪರೀಕ್ಷಕರೆದುರು ಬಾಯಿಯಲ್ಲಿ ಉತ್ತರಿಸಬೇಕು. ಲ್ಯಾಟಿನ್ ಔಷಧಪಟ್ಟಿ ಅನುವಾದಿಸಬೇಕು. ಪದ್ಯ ಬರೆಯುತ್ತ ಕೂರುವ ಇವನು ಗೆದ್ದಾನೆಂದು ಸಹಪಾಠಿಗಳಿಗೆ ನಂಬಿಕೆಯಿರಲಿಲ್ಲ. ಆದರೆ ಶಾಲೆಯಲ್ಲಿ ಲ್ಯಾಟಿನ್ ಕಾವ್ಯವನ್ನೇ ಅನುವಾದಿಸಿದವನಿಗೆ ಔಷಧಪಟ್ಟಿ ಎಷ್ಟರದು? 1816ರ ಜುಲೈ 25ರಂದು ತೇರ್ಗಡೆಯಾದನು. ವಯಸ್ಸು ಇಪ್ಪತ್ತೊಂದು ತುಂಬಿರಲಿಲ್ಲವಾಗಿ ವೃತ್ತಿ ಆರಂಭಿಸಲು ಕಾಯಬೇಕಾಯಿತು.

ಆ ವಯಸ್ಸು ತುಂಬುವಷ್ಟರಲ್ಲಿ ಮನಸ್ಸು ತಿರುಗಿತ್ತು. ಕಡೆಯ ಬಾರಿ ಒಬ್ಬನ ಕಪೋಲದ ಬಳಿಯ ರಕ್ತನಾಳ ತೆರೆದನು. ಕೈ ತಪ್ಪಲಿಲ್ಲ. ಆದರೆ ಆಗ ತನ್ನ ಮನಸ್ಸು ಎಲ್ಲೆಲ್ಲಿ ಅಲೆದಿತ್ತೆಂದು ನೆನೆದು ಬೆಚ್ಚಿದನು. ಮತ್ತೆ ಶಸ್ತ್ರ ಹಿಡಿಯಲಿಲ್ಲ. ಪೋಷಕನಾಗಿದ್ದ ಚಹಾ ವ್ಯಾಪಾರಿ ಕೆರಳಿದನು. ಅವನ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲವೆಂದು ನಾವು ಹೇಳಲಾರೆವು. ಓದಿಗೆ ಹಣ ಹೋಗಿತ್ತಲ್ಲ. 1817ರಲ್ಲಿ ಮೊದಲ ಕವನಸಂಗ್ರಹ ಬಂತು.

1818ರ ಡಿಸೆಂಬರಿನಲ್ಲಿ ತಮ್ಮ ಟಾಮ್ ಕ್ಷಯದಿಂದಲೇ ಸತ್ತನು. ಅವನ ಆರೈಕೆ ಮಾಡಿದವನೂ ಕೀಟ್ಸನೇ. 1820ರ ಫೆಬ್ರವರಿಯ ಒಂದು ರಾತ್ರಿ ತನಗೇ ಕೆಮ್ಮು ಬಂದು ಹಾಸಿಗೆಯ ಬಟ್ಟೆಯ ಮೇಲೆ ಒಂದು ತೊಟ್ಟು ರಕ್ತ ಬಿತ್ತು. ಮೇಣದ ಬತ್ತಿ ತರಿಸಿ ಅದರ ಬಣ್ಣ ನೋಡಿದನು. ಕಲಿತವನಿಗೆ ಬೇರೆ ವೈದ್ಯರು ಹೇಳಬೇಕಾಗಿರಲಿಲ್ಲ. ಬಳಿಯಿದ್ದ ಗೆಳೆಯನಿಗೆ ತನ್ನ ಸಾವು ನಿಶ್ಚಯವೆಂದು ಶಾಂತನಾಗಿಯೇ ತಿಳಿಸಿದನು. 1821ರ ಫೆಬ್ರವರಿ 23ರಂದು ರೋಮಿನಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೈದು ವರುಷ.