ದಾವಣಗೆರೆಯ ಭಜನಾ ಸಂಘವೂ ಹರ್ಡೇಕರ ಮಂಜಪ್ಪನವರೂ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಂತಹ ಹೊಸ ವಸತಿಗಳಲ್ಲಿ ನೆಲೆಸಿರುವ ಸದ್‌ಗೃಹಸ್ಥರಿಗೆ ಇಂದು ಸಂಘಗಳಿಗೇನೂ ಕೊರತೆಯಿಲ್ಲ. ನೌಕರರಿಗೊಂದು, ವರ್ತಕರಿಗೊಂದು, ಜಾತಿಗೊಂದು, ಒಳಪಂಗಡಕ್ಕೆ ಮತ್ತೊಂದು. ಸಂಘವನ್ನು ಸೇರುವುದರ ಫಲವೇನೆಂದು ವಿಚಾರಿಸಿದರೆ, ನಾಲ್ಕು ಜನರ ಪರಿಚಯವಾಗುವುದೆಂದೂ, ಮಗನ ಉದ್ಯೋಗಕ್ಕೆ ದಾರಿಯಾಗುವುದೆಂದೂ, ವರ್ಗಾವಣೆಯ ಕಾಲದಲ್ಲಿ ಮೇಲಿನವರ ಕಿವಿಗೆ ಒಂದು ಮಾತು ಹಾಕುವವರು ದೊರೆಯುವರೆಂದೂ ಉತ್ತರ ಬರುವುದು. ಸಂಸಾರಿಗರು ಹೀಗೆಣಿಸುವುದನ್ನು ನಾವು ಹಳಿಯುವುದಿಲ್ಲ. ಆದರೆ ಇದೇ ಊರಿನ ವಿರಕ್ತಮಠದಲ್ಲಿ ನೂರು ವರ್ಷಗಳಿಗೂ ಹಿಂದೆ ಕೂಡುತ್ತಿದ್ದ ಒಂದು ಚಿಕ್ಕ ಭಜನಾ ಸಂಘವು ತನ್ನ ಸದಸ್ಯರೊಬ್ಬರಿಗೆ ಉದ್ಯೋಗವನ್ನಾಗಲಿ ಬಡತಿಯನ್ನಾಗಲಿ ಕೊಡದೆ, ಅವರ ಬಾಳಿನ ದಿಕ್ಕನ್ನೇ ನಿಶ್ಚಯಿಸಿತು. ಆ ಸದಸ್ಯರು ಕರ್ನಾಟಕದ ಗಾಂಧಿ ಎಂದು ಜನರು ಕರೆದ ಹರ್ಡೇಕರ ಮಂಜಪ್ಪನವರು.

ಮಂಜಪ್ಪನವರು 1886ರಲ್ಲಿ ಬನವಾಸಿಯ ಬಡ ಮನೆತನದಲ್ಲಿ ಹುಟ್ಟಿದರು. 1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಾಲಾ ಶಿಕ್ಷಕರಾದರು. ಅಂದಿನ ಮುಂಬಯಿ ಇಲಾಖೆಯಲ್ಲಿ ಮುಲ್ಕಿ ಮುಗಿಸಿದ ಬಡ ಹುಡುಗನಿಗೆ ಸರಕಾರದ ಚಾಕರಿಯೆಂದರೆ ಭಾಗ್ಯವೇ ಸರಿ. ಸಂಬಳ ಅಲ್ಪವಾದರೂ ತಿಂಗಳು ತಿಂಗಳಿಗೆ ತಪ್ಪದೆ ಬರುವಂತಹದು. ಊರಲ್ಲಿ ಮಾಸ್ತರರೆಂಬ ಮರ್ಯಾದೆ ಬೇರೆ. ಅಷ್ಟರಲ್ಲಿ 1905ರ ವಂಗಭಂಗವೂ ಸ್ವದೇಶೀ ಚಳವಳಿಯೂ ಬಂದವು. ಲೋಕಮಾನ್ಯ ಟಿಳಕರ ಕೇಸರಿಯ ಬರಹಗಳು ತರುಣ ಶಿಕ್ಷಕರ ಮನಸ್ಸನ್ನು ಕಲಕಿದವು. ಸರಕಾರದ ಅನ್ನವನ್ನುಂಡು ಸರಕಾರವನ್ನು ವಿರೋಧಿಸುವುದು ಸಲ್ಲದೆಂದು ಬಗೆದು ಅವರು ಚಾಕರಿಯನ್ನು ಬಿಟ್ಟರು. 1906ರಲ್ಲಿ ಸೋದರನೊಡನೆ ಮೈಸೂರು ಸಂಸ್ಥಾನದ ದಾವಣಗೆರೆಗೆ ಬಂದು ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ.

ಪತ್ರಿಕೆಯನ್ನು ನಡೆಯಿಸುವುದು ಅಂದು ಸುಲಭವಾಗಿರಲಿಲ್ಲ. 1908ರಲ್ಲಿ ಸಂಸ್ಥಾನವು ಮಾಡಿದ ವೃತ್ತಪತ್ರಿಕೆಗಳ ಶಾಸನವು ಸಂಪಾದಕರೆಲ್ಲರನ್ನೂ ಸರಕಾರದ ಕೃಪೆಗೆ ಒಪ್ಪಿಸಿತು. ಅದೇ ವರ್ಷ ಟಿಳಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರು ಮಂಡಾಲೆಗೆ ಹೋದರು. ಯಾರನ್ನು ನೋಡಿ ಚಾಕರಿಯನ್ನು ಬಿಟ್ಟರೋ ಅವರೇ ಕಣ್ಮರೆಯಾದಾಗ, ಇಪ್ಪತ್ತೆರಡರ ತರುಣನೊಬ್ಬನು ಊರಿಗೆ ಹಿಂದಿರುಗಿ ಮದುವೆಯಾಗಿ ಜಮಾಖರ್ಚು ಬರೆಯುವ ಕೆಲಸಕ್ಕೆ ಸೇರಿದ್ದರೆ ಆಶ್ಚರ್ಯವೇನಿತ್ತು? ಅನೇಕರು ಹಾಗೆಯೇ ಮಾಡಿದರು. ಮಂಜಪ್ಪನವರು ಮಾಡಲಿಲ್ಲ. 1910ರಲ್ಲಿ ಅವರು ಆಜನ್ಮ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡರು.

ಇಂತಹ ವ್ರತವನ್ನು ಏಕಾಕಿಯಾಗಿ ತೊಡುವುದು ಸಾಧ್ಯ; ಏಕಾಕಿಯಾಗಿ ಬಹುಕಾಲ ಕಾಯುವುದು ಕಷ್ಟ. ಇಲ್ಲಿಯೇ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಸಖ್ಯವು ಅವರಿಗೆ ಒದಗಿದುದು. ಸ್ವಾಮಿಗಳು ಮುಂದೆ ಧಾರವಾಡದ ಮುರುಘಾಮಠದಲ್ಲಿದ್ದು ಬಡ ವಿದ್ಯಾರ್ಥಿಗಳ ಪ್ರಸಾದನಿಲಯಕ್ಕೆ ಆಶ್ರಯವಾದ ಮಹನೀಯರು. ಇವರಿಬ್ಬರೂ ಕೂಡಿ ದಾವಣಗೆರೆಯಲ್ಲಿ ಭಜನಾ ಸಂಘವನ್ನು ಕಟ್ಟಿದರು. ಒಬ್ಬರು ಕಾವಿಯುಟ್ಟವರು, ಮತ್ತೊಬ್ಬರು ಬಿಳಿಯ ಬಟ್ಟೆಯ ಪತ್ರಿಕಾಕರ್ತರು. ಮಠಕ್ಕೆ ಜನವಿದ್ದಿತು, ಪತ್ರಿಕೆಗೆ ವಿಚಾರವಿದ್ದಿತು. ಅರಳೆಯ ವ್ಯಾಪಾರದ ಆ ಪೇಟೆಯಲ್ಲಿ ಪತ್ರಿಕೆಯನ್ನು ಓದಬಲ್ಲವರೇ ವಿರಳ. ಆದರೆ ಭಜನೆಗೆ ಕುಳಿತುಕೊಳ್ಳಲು ಅಕ್ಷರ ಬೇಕಿಲ್ಲ. ಬರಹದಿಂದ ಮುಟ್ಟಲಾರದವರನ್ನು ಮುಟ್ಟುವ ದಾರಿಯು ಮಂಜಪ್ಪನವರಿಗೆ ಸಂಘದಿಂದ ತೆರೆಯಿತು. ಲೇಖಕನು ಸಂಘಟಕನಾದನು.

ಈ ಕೂಟದ ಮುಖ್ಯ ಫಲವು 1913ರ ಬಸವ ಜಯಂತಿ. ಅಲ್ಲಿಯವರೆಗೆ ಬಸವಣ್ಣನವರು ಬಹುಮಂದಿಗೆ ನಂದಿಯ ಅವತಾರವೆಂದು ಪೂಜ್ಯರು; ಎತ್ತಿನ ರೂಪದಲ್ಲಿ ಹೂವು ಕಾಯಿ ಸ್ವೀಕರಿಸುವ ದೈವ. ವೈಶಾಖ ಶುದ್ಧ ತದಿಗೆಯಂದು ಅವರನ್ನು ಮನುಷ್ಯರಾಗಿ, ಹುಟ್ಟಿ ಬೆಳೆದು ಸಮಾಜವನ್ನು ತಿದ್ದಲು ಹೆಣಗಿದ ಪುರುಷರಾಗಿ ಸಾರ್ವಜನಿಕವಾಗಿ ಸ್ಮರಿಸುವ ಏರ್ಪಾಡು ದಾವಣಗೆರೆಯಲ್ಲಿ ಆಯಿತು. ಟಿಳಕರು ಗಣೇಶೋತ್ಸವ, ಶಿವಾಜಿ ಉತ್ಸವಗಳಿಂದ ಮಹಾರಾಷ್ಟ್ರದಲ್ಲಿ ಸಾಧಿಸಿದ್ದ ಲೋಕಸಂಗ್ರಹದ ಪಾಠವನ್ನು ಮಂಜಪ್ಪನವರು ಕನ್ನಡದ ನೆಲಕ್ಕೆ ಹೊಂದಿಸಿಕೊಂಡರೆಂಬುದು ಸ್ಪಷ್ಟ. ಒಂದು ಮಠದ ಅಂಗಳದಲ್ಲಿ ಆರಂಭವಾದ ಆಚರಣೆಯು ಬೇರೆ ಊರುಗಳಿಗೂ ಹಬ್ಬಿತು.

ಒಂದು ಆಕ್ಷೇಪವನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಈ ಸಂಘವು ಒಂದು ಸಮಾಜದ ಮಠದಲ್ಲಿ, ಆ ಸಮಾಜದವರ ನಡುವೆ ಹುಟ್ಟಿದುದು. ರಾಷ್ಟ್ರಸೇವೆಗೆಂದು ಚಾಕರಿಯನ್ನು ಬಿಟ್ಟವರು ಸ್ವಜನರ ಸೇವೆಯಲ್ಲಿ ನಿಂತುಬಿಟ್ಟರೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಸಂಘಭಾವವು ಮನುಷ್ಯನನ್ನು ಬೆಳೆಯಿಸುವಂತೆಯೇ ಅವನ ಸುತ್ತ ಗೋಡೆಯನ್ನೂ ಎಬ್ಬಿಸಬಲ್ಲುದು. ಜಯಂತಿಗಳು ಇಂದು ಜಾತಿಯ ಬಲಪ್ರದರ್ಶನಗಳಾಗುವುದನ್ನು ನಾವು ಕಾಣುತ್ತಲೇ ಇದ್ದೇವೆ. ಆದರೆ ಮಂಜಪ್ಪನವರ ಮುಂದಿನ ನಡೆಯನ್ನು ನೋಡಿದರೆ ಅವರು ಗೋಡೆಯೊಳಗೆ ಉಳಿದವರಲ್ಲ. ಬಸವಣ್ಣನವರ ಕಾಯಕದಲ್ಲಿಯೂ ಗಾಂಧೀಜಿಯವರ ಚರಕದಲ್ಲಿಯೂ ಅವರು ಕಂಡುದು ಒಂದೇ ತತ್ತ್ವ. ಗಾಂಧೀಜಿಯವರ ಚರಿತ್ರೆಯನ್ನು ಕನ್ನಡದಲ್ಲಿ ಮೊದಮೊದಲು ಬರೆದವರಲ್ಲಿ ಅವರೊಬ್ಬರು. 1920ರ ದಶಕದ ಆರಂಭದಲ್ಲಿ ಸಾಬರಮತಿಗೆ ಹೋಗಿ ಕೆಲಕಾಲವಿದ್ದು, ಅಲ್ಲಿಯ ಆಶ್ರಮಜೀವನವನ್ನು ಕಣ್ಣಾರೆ ಕಂಡರು.

ದಾವಣಗೆರೆಗೆ ಹತ್ತಿರದ ಹರಿಹರದಲ್ಲಿ, ತುಂಗಭದ್ರೆಯ ತೀರದಲ್ಲಿ, ಅವರು ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿರುವ ಊರು ಅದು. ಈಚೆಯ ದಡವು ಮೈಸೂರು, ಆಚೆಯ ದಡವು ಮುಂಬಯಿ ಇಲಾಖೆ. ಭಾಷೆ ಎರಡು ಕಡೆಯೂ ಕನ್ನಡ. ಇಲ್ಲಿ ಸಂಘದ ಸ್ವರೂಪವೇ ಬದಲಾಯಿತು. ಭಜನಾ ಸಂಘವು ಸಂಜೆಯ ಕೂಟ. ಭಜನೆ ಮುಗಿದರೆ ಸದಸ್ಯರು ತಮ್ಮ ತಮ್ಮ ಮನೆಗೆ, ಅಂಗಡಿಗೆ ತೆರಳಬಹುದು. ಆಶ್ರಮದಲ್ಲಿ ಹಿಂದಿರುಗಲು ಬೇರೆ ಮನೆಯಿಲ್ಲ.

ಇಂತಹ ಬಂಧುತ್ವವು ಆ ಕಾಲದ ಭಾರತದಲ್ಲಿ ಅಲ್ಲಲ್ಲಿ ಕಾಣಿಸಿಕೊಂಡಿದ್ದಿತು. 1905ರಲ್ಲಿ ಗೋಖಲೆಯವರು ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು ಹೊಟ್ಟೆಬಟ್ಟೆಗೆ ಸಾಲುವಷ್ಟನ್ನು ಮಾತ್ರ ಪಡೆದು ದೇಶಸೇವೆಗೆ ಪ್ರತಿಜ್ಞಾಬದ್ಧರಾಗುತ್ತಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆದರೆ ಅವರ ಹಿಂದೆ ಕಾಲೇಜಿನ ಪದವಿಗಳಿದ್ದವು. ಮುಲ್ಕಿ ಪರೀಕ್ಷೆಗೆ ಓದು ಮುಗಿಸಿದ ಮಂಜಪ್ಪನವರಿಗೆ ಭಜನಾ ಸಂಘವೂ ಸಾಬರಮತಿಯೂ ಪತ್ರಿಕಾ ಕಚೇರಿಯೂ ಕಾಲೇಜುಗಳಾದವು.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಅವರು ಸೇವಾಕಾರ್ಯವನ್ನು ಮಾಡಿದರು. ಹೆಸರಿನ ಸಾಮ್ಯದಿಂದ ಇವರನ್ನೂ ಹಿಂದೂಸ್ಥಾನೀ ಸೇವಾದಳದ ಸ್ಥಾಪಕರಾದ ಡಾಕ್ಟರ್ ನಾ. ಸು. ಹರ್ಡೀಕರರನ್ನೂ ಒಬ್ಬರೆಂದೇ ತಿಳಿಯುವವರು ಉಂಟು. ಇಬ್ಬರೂ ಬೇರೆ; ಸ್ವಯಂಸೇವಕರ ದಳವನ್ನು ಕಟ್ಟಿದವರು ಡಾಕ್ಟರರು.

1927ರಲ್ಲಿ ಮಂಜಪ್ಪನವರು ವಿಜಾಪುರ ಜಿಲ್ಲೆಯ ಆಲಮಟ್ಟಿಗೆ ಬಂದು ಕೃಷ್ಣೆಯ ದಡದಲ್ಲಿ ವಿದ್ಯಾಲಯವನ್ನು ಆರಂಭಿಸಿದರು. ಹುಡುಗರಿಗೆ ಅಕ್ಷರದೊಡನೆ ಕೈಗೆಲಸವನ್ನೂ ಸ್ವಾವಲಂಬನವನ್ನೂ ಕಲಿಸುವುದು ಅದರ ಉದ್ದೇಶ. ಎರಡು ದಶಕಗಳ ಹಿಂದೆ ಶಾಲೆಯನ್ನು ತೊರೆದವರು ಮತ್ತೆ ಶಾಲೆಗೇ ಬಂದರು. ಆದರೆ ಈಗ ಸಂಬಳವಿಲ್ಲ, ಮೇಲಧಿಕಾರಿಯಿಲ್ಲ, ನಿವೃತ್ತಿಯೂ ಇಲ್ಲ. ಸ್ವಂತ ಮಕ್ಕಳಿಲ್ಲದ ಅವರನ್ನು ವಿದ್ಯಾರ್ಥಿಗಳೇ ಸುತ್ತುವರಿದರು. ಪತ್ರಿಕೆ, ಪುಸ್ತಕ, ಪ್ರವಾಸ, ಉಪನ್ಯಾಸಗಳು ಕೊನೆಯವರೆಗೂ ನಡೆದವು. ತಾವು ಕಳೆದ ಸೇವಾಜೀವನದ ಕಥನವನ್ನೂ ಅವರು ಬರೆದಿಟ್ಟರು.

1947ರ ಜನವರಿಯಲ್ಲಿ ಮಂಜಪ್ಪನವರು ಕಾಲವಾದರು. ಸ್ವಾತಂತ್ರ್ಯಕ್ಕೆ ಇನ್ನೂ ಏಳು ತಿಂಗಳಿದ್ದವು. ಅವರು ಅಲೆದಾಡಿದ ಶಿರಸಿ, ದಾವಣಗೆರೆ, ಬೆಳಗಾವಿ, ಆಲಮಟ್ಟಿಗಳು ಒಂದೇ ರಾಜ್ಯದಲ್ಲಿ ಸೇರಿದುದು 1956ರಲ್ಲಿ. ಆಲಮಟ್ಟಿಯ ಹೆಸರನ್ನು ಇಂದು ಜನರು ಅಣೆಕಟ್ಟಿನಿಂದ ಬಲ್ಲರು. ಬಸವ ಜಯಂತಿಯು ಸರಕಾರೀ ರಜೆಯ ದಿನವಾಗಿದೆ. ಅಂದು ಕಚೇರಿಗಳು ಮುಚ್ಚಿರುತ್ತವೆ, ದಾವಣಗೆರೆಯ ವಿರಕ್ತಮಠದ ಬಾಗಿಲು ತೆರೆದಿರುತ್ತದೆ.